ಅಟ್ಟದಿಂದ ಇಳಿಸಿದ ವಾಲ್ವ್ ಆಂಪ್: ಸ್ವಿಚ್ ಹಾಕುವ ಮುಂಚೆ

ಗಣೇಶನ ಹಬ್ಬ, ದಸರಾ ಹತ್ತಿರ ಬಂತು ಅಂದ್ರೆ ಮೈಸೂರು, ಮಂಡ್ಯ ಕಡೆ ಹಳೇ ಆರ್ಕೆಸ್ಟ್ರಾ ಸಾಮಾನುಗಳು ಅಟ್ಟದಿಂದ ಕೆಳಗೆ ಬರುತ್ತವೆ. ಸ್ಟ್ಯಾಂಡು, ಮೈಕು, ತಂತಿ ಹೋದ ಗಿಟಾರು. ಅದೃಷ್ಟ ಇದ್ದರೆ ಅದರ ಜೊತೆಗೆ ಒಂದು ವಾಲ್ವ್ ಗಿಟಾರ್ ಆಂಪ್ ಕೂಡ ಸಿಗುತ್ತದೆ, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ. ಚಿಕ್ಕಪ್ಪ ನುಡಿಸುತ್ತಿದ್ದದ್ದೋ, ತಂಡ ಮುಚ್ಚಿದಾಗ ಯಾರೋ ಬಿಟ್ಟು ಹೋದದ್ದೋ. ಎತ್ತಿದರೆ ಭಾರ. ಹಿಂದೆ ಬಗ್ಗಿ ನೋಡಿದರೆ ಗಾಜಿನ ವಾಲ್ವ್‌ಗಳು ಸಾಲಾಗಿ ನಿಂತಿರುತ್ತವೆ. ಆಗ ಎಲ್ಲರಿಗೂ ಬರುವ ಆಸೆ ಒಂದೇ: ಪ್ಲಗ್ ಚುಚ್ಚಿ ನೋಡೇ ಬಿಡೋಣ.

ದಯವಿಟ್ಟು ಬೇಡ. ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದ ಆಂಪ್ ಆ ಒಂದು ಸ್ವಿಚ್‌ಗೆ ಸುಟ್ಟು ಹೋಗಬಹುದು. ಅದೇ ಆಂಪನ್ನು ನಿಧಾನವಾಗಿ ಎಬ್ಬಿಸಿದರೆ ಬಹುಪಾಲು ಉಳಿಯುತ್ತದೆ. ಯಾಕೆ ಹೀಗೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲಿಗೆ ಪ್ರಾಣದ ಮಾತು. ವಾಲ್ವ್ ಆಂಪ್ ಒಳಗೆ 300ರಿಂದ 500 ವೋಲ್ಟ್‌ವರೆಗೆ ಡಿಸಿ ಇರುತ್ತದೆ. ಗೋಡೆಯ ಪಾಯಿಂಟ್‌ನಲ್ಲಿರುವ 230 ವೋಲ್ಟ್‌ಗಿಂತ ಇದು ಜಾಸ್ತಿ. ಇನ್ನೊಂದು ವಿಷಯ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಹಿಡಿದಿಡುವ ದೊಡ್ಡ ಕಂಡೆನ್ಸರ್‌ಗಳಲ್ಲಿ ಆ ವೋಲ್ಟೇಜ್ ಉಳಿದುಕೊಂಡಿರುತ್ತದೆ. ಅಟ್ಟದಿಂದ ಈಗಷ್ಟೇ ಇಳಿದ ಆಂಪ್‌ನಲ್ಲಿ ಚಾರ್ಜ್ ಇರುವುದಿಲ್ಲ. ಆದರೆ ಒಮ್ಮೆ ಕರೆಂಟ್ ಕೊಟ್ಟಿರೋ, ಆ ಕ್ಷಣದಿಂದ ಅದು ಅಪಾಯವೇ. ಆಮೇಲೆ ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ಕ್ಲಿಪ್ ಹಾಕಿ, ಕಂಡೆನ್ಸರ್‌ನ ಪ್ಲಸ್ಸಿಗೂ ಚಾಸಿಗೂ (ಆಂಪ್‌ನ ಲೋಹದ ತಳಕಟ್ಟು) ನಡುವೆ ಹತ್ತು ಸೆಕೆಂಡ್ ಹಿಡಿಯಬೇಕು. ಆಮೇಲೆ ಮೀಟರ್ ಇಟ್ಟು ಸೊನ್ನೆಗೆ ಬಂತಾ ಅಂತ ನೋಡಲೇಬೇಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಪದ್ಧತಿ ಬೇಡ, ಅದರಿಂದ ಕಂಡೆನ್ಸರ್ರೂ ಕೆಡುತ್ತದೆ, ಕೈಗೂ ಅಪಾಯ. ಕರೆಂಟ್ ಇರುವಾಗ ಅಳೆಯಲೇಬೇಕಾದರೆ ಒಂದು ಕೈ ಜೇಬಿನಲ್ಲಿರಲಿ, ಕಾಲಲ್ಲಿ ಚಪ್ಪಲಿ ಇರಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ.

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಚಾಸಿ ಬಿಚ್ಚುವ ಮುಂಚೆಯೇ ನಿಲ್ಲಿಸಿ. ವಾಲ್ವ್ ರೇಡಿಯೊ ರಿಪೇರಿಯಲ್ಲಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಸಿಕ್ಕರೆ ಅವರಿಗೆ ಕೊಡಿ. ಗಿಟಾರ್ ಆಂಪ್ ಅವರಿಗೆ ಹೊಸದು ಅಂತ ಅನುಮಾನ ಬೇಡ. ಪವರ್ ಸಪ್ಲೈ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ವಾಲ್ವ್ ಎಲ್ಲ ಅದೇ ಜಾತಿ. ಇಎಲ್84 ಅನ್ನುವ ವಾಲ್ವ್ ಮನೆಯ ರೇಡಿಯೊದಲ್ಲೂ ಇತ್ತು, ಹೆಸರುವಾಸಿ ಗಿಟಾರ್ ಆಂಪ್‌ಗಳಲ್ಲೂ ಇದೆ. ಹಾಗೆ ನೋಡಿದರೆ ಮೈಸೂರಿಗೂ ವಾಲ್ವ್‌ಗೂ ನಂಟು ಹಳೆಯದು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದಾಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟೇ ಇರಲಿಲ್ಲ.

ಈಗ ಆಂಪ್‌ಗೆ ಬರೋಣ. ಕರೆಂಟ್ ಕೊಡದೆ ಕಣ್ಣಿನಿಂದ ನೋಡುವುದಕ್ಕೇ ಒಂದು ಸಂಜೆ ಇಡಿ. ಹಿಂದಿನ ಹಲಗೆ ಬಿಚ್ಚಿ, ಟಾರ್ಚ್ ಬಿಡಿ. ನಮ್ಮ ಕಡೆ ಅಟ್ಟದಲ್ಲಿ ಇಲಿ ಸಾಮಾನ್ಯ. ಅದು ಸ್ಪೀಕರ್ ವೈರ್ ಕಡಿದಿರುತ್ತದೆ, ಕೋನ್ ಕಾಗದ ಕಿತ್ತಿರುತ್ತದೆ. ಅದರ ಮೂತ್ರ ಬಿದ್ದ ಜಾಗದಲ್ಲಿ ಚಾಸಿ ಹಸಿರು ಬಿಳಿ ಪುಡಿ ಹಿಡಿದಿರುತ್ತದೆ. ಕಣಜ ಟ್ರಾನ್ಸ್‌ಫಾರ್ಮರ್ ಮೇಲೆ ಮಣ್ಣಿನ ಗೂಡು ಕಟ್ಟಿರಬಹುದು. ಮೃದುವಾದ ಬ್ರಷ್‌ನಲ್ಲಿ ಎಲ್ಲ ಗುಡಿಸಿ.

ಸರಸ್ವತಿಪುರಂನ ಒಂದು ಮನೆಯಲ್ಲಿ ಇಂಥದ್ದೇ ಆಂಪ್ ನೋಡಿದ್ದೆ. ಫ್ಯೂಸ್ ಹೋಲ್ಡರ್ ಬಿಚ್ಚಿದರೆ ಒಳಗೆ ಫ್ಯೂಸ್ ಏನೋ ಇತ್ತು, ಆದರೆ ಅದರ ಗಾಜಿನ ಮೇಲೆ ತಾಮ್ರದ ಎಳೆ ಸುತ್ತಿತ್ತು. ಯಾವುದೋ ಕಾರ್ಯಕ್ರಮದ ಮಧ್ಯೆ ಫ್ಯೂಸ್ ಹೋಗಿ, ಹಾಡು ನಿಲ್ಲಬಾರದು ಅಂತ ಯಾರೋ ಸುತ್ತಿದ್ದು. ಆ ಫ್ಯೂಸ್ ಯಾಕೆ ಹೋಯಿತು ಅಂತ ಆಮೇಲೆ ಯಾರೂ ಹುಡುಕಿರಲಿಲ್ಲ. ಕಾರಣ ಮಾತ್ರ ಒಳಗೆ ಹಾಗೇ ಕೂತಿತ್ತು: ಒಂದು ದೊಡ್ಡ ಕಂಡೆನ್ಸರ್‌ನ ತುದಿಯ ರಬ್ಬರ್ ಉಬ್ಬಿ, ಪಕ್ಕದಲ್ಲಿ ಕಂದು ಅಂಟು ಒಣಗಿ ಹಕ್ಕಳೆಯಾಗಿತ್ತು. ಹಾಗಾಗಿ ನನ್ನ ಮಟ್ಟಿಗೆ ಹಳೇ ಆಂಪ್‌ನ ಕಥೆ ಫ್ಯೂಸ್ ಹೋಲ್ಡರ್‌ನಿಂದಲೇ ಶುರು. ಹಿಂದಿನ ಪ್ಯಾನೆಲ್ ಮೇಲೆ ಬರೆದಿರುವ ಆಂಪಿಯರ್‌ನ ಫ್ಯೂಸನ್ನೇ ಹಾಕಿ. ಸ್ಲೋ ಬ್ಲೋ (ಕ್ಷಣದ ಏರಿಕೆ ತಾಳಿ ನಿಧಾನವಾಗಿ ಕರಗುವುದು) ಅಂತ ಬರೆದಿದ್ದರೆ ಅದೇ ಬೇಕು.

ವೋಲ್ಟೇಜ್ ಕೂಡ ಈಗಲೇ ನೋಡಿ. ಅಮೆರಿಕದಿಂದ ಬಂದ ಆಂಪ್ 117 ಅಥವಾ 120 ವೋಲ್ಟ್‌ದು ಆಗಿದ್ದರೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪಾಯಿಂಟ್‌ಗೆ ಚುಚ್ಚಿದರೆ ಮುಗಿಯಿತು. ಸೆಲೆಕ್ಟರ್ ಇರುವ ಆಂಪ್‌ನಲ್ಲಿ 220, 240 ಎರಡೂ ಇದ್ದರೆ 240ಕ್ಕೆ ಇಡುವುದು ಒಳ್ಳೆಯದು. ಹಳ್ಳಿ ಕಡೆ ಪಂಪ್‌ಸೆಟ್‌ಗಳು ನಿಂತ ಮೇಲೆ ರಾತ್ರಿ ವೋಲ್ಟೇಜ್ ಏರುವುದು ಗೊತ್ತೇ ಇದೆ, ಅಲ್ವಾ? 220ರಲ್ಲಿಟ್ಟ ಆಂಪ್‌ಗೆ 245 ಬಂದರೆ, 6.3 ವೋಲ್ಟ್ ಸಿಗಬೇಕಾದ ವಾಲ್ವ್ ಹೀಟರ್‌ಗೆ 7 ವೋಲ್ಟ್ ಹೋಗುತ್ತದೆ. ಒಳಗಿನ ಹೈ ವೋಲ್ಟೇಜೂ ಅದೇ ಲೆಕ್ಕದಲ್ಲಿ ಏರುತ್ತದೆ. ವಾಲ್ವ್ ಆಯಸ್ಸು ಕರಗುವುದು ಹೀಗೆ.

ಇನ್ನು ಅರ್ತಿಂಗ್. ಹಳೆಯ ಆಂಪ್‌ಗೆ ಎರಡೇ ಪಿನ್ನಿನ ವೈರ್ ಇದ್ದರೆ ಅದನ್ನು ಕಿತ್ತು, ಮೂರು ಪಿನ್ನಿನ ವೈರ್ ಹಾಕಿ, ಅರ್ತನ್ನು ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿಸಿ. ಗಿಟಾರಿನ ತಂತಿ ಕೇಬಲ್‌ನ ಶೀಲ್ಡ್ ಮೂಲಕ ನೇರವಾಗಿ ಚಾಸಿಗೇ ಸೇರಿರುತ್ತದೆ. ಚಾಸಿಗೆ ಕರೆಂಟ್ ಬಂದರೆ ತಂತಿಗೂ ಬಂತು. ಹಾಡುವವರು ಗಿಟಾರ್ ಹಿಡಿದು, ಅರ್ತ್ ಆದ ಮೈಕಿಗೆ ತುಟಿ ತಾಗಿಸಿದರೆ ದೇಹದ ಮೂಲಕವೇ ದಾರಿ ಆಗುತ್ತದೆ. ಕೆಲವು ಹಳೇ ಅಮೆರಿಕನ್ ಆಂಪ್‌ಗಳಲ್ಲಿ ಮೇನ್ಸ್ ಲೈನಿನಿಂದ ಚಾಸಿಗೆ ಒಂದು ಸಣ್ಣ ಕಂಡೆನ್ಸರ್ ಹಾಕಿರುತ್ತಾರೆ, ಹಮ್ (ಗುಂಯ್ ಅನ್ನುವ ಸದ್ದು) ಕಡಿಮೆ ಆಗಲಿ ಅಂತ. ಅದು ಶಾರ್ಟ್ ಆದರೆ ಚಾಸಿ ಪೂರ್ತಿ ಲೈವ್. ಮೂರು ಪಿನ್ ಹಾಕಿದ ಮೇಲೆ ಅದರ ಅಗತ್ಯವೇ ಇಲ್ಲ, ಕತ್ತರಿಸಿ ತೆಗೆಸಿ.

ಇಷ್ಟು ಹೊತ್ತು ವಾಲ್ವ್ ಸುದ್ದಿಗೇ ಹೋಗಲಿಲ್ಲ. ಬೇಕಂತಲೇ. ಹಳೇ ಆಂಪ್ ಅಂದ ಕೂಡಲೇ ಎಲ್ಲರಿಗೂ ವಾಲ್ವ್ ಮೇಲೆ ಅನುಮಾನ, ಮೊದಲು ಹೊಸ ಸೆಟ್‌ಗೆ ದುಡ್ಡು ಹಾಕುತ್ತಾರೆ. ಆದರೆ ಸುಮ್ಮನೆ ಇಟ್ಟ ವಾಲ್ವ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಒಳಗೆ ನಿರ್ವಾತ, ಸುತ್ತ ಗಾಜು, ಬಳಸದಿದ್ದರೆ ಸವೆಯುವುದಕ್ಕೆ ಏನೂ ಇಲ್ಲ. ಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಪಟ್ಟೆ ಇದೆಯಾ ನೋಡಿ. ಇದ್ದರೆ ನಿರ್ವಾತ ಇದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಆ ವಾಲ್ವ್ ಸತ್ತಿದೆ. ಹೆಚ್ಚಾಗಿ ಬೇಕಾಗುವುದು ಪಿನ್ ಮತ್ತು ಸಾಕೆಟ್ ಕ್ಲೀನ್ ಮಾಡುವುದು ಅಷ್ಟೇ. ಯಾವ ವಾಲ್ವ್ ಯಾವ ಸಾಕೆಟ್‌ನಲ್ಲಿತ್ತು ಅಂತ ಫೋಟೊ ತೆಗೆದುಕೊಂಡು, ಎಲ್ಲವನ್ನೂ ಹುಷಾರಾಗಿ ಕಿತ್ತು, ಬಟ್ಟೆಯಲ್ಲಿ ಸುತ್ತಿಡಿ. ಹಳೇ ಬಿಇಎಲ್ ವಾಲ್ವ್ ಸಿಕ್ಕರೆ ಎಸೆಯಬೇಡಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ತಯಾರಾದ ಆ ವಾಲ್ವ್‌ಗಳು ಒಳ್ಳೆಯವು.

ನಿಜವಾಗಿ ಕೆಡುವುದು ಕಂಡೆನ್ಸರ್, ಅದರಲ್ಲೂ ಪವರ್ ಸಪ್ಲೈನ ದೊಡ್ಡ ಎಲೆಕ್ಟ್ರೋಲೈಟಿಕ್‌ಗಳು. ಇದರ ಕೆಲಸ ಏನು ಅಂದರೆ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನಿಂದ ಕರೆಂಟ್ ಸೆಕೆಂಡಿಗೆ 100 ಸಲ ಬಿಟ್ಟು ಬಿಟ್ಟು ಬರುತ್ತದೆ. ಬಿಟ್ಟು ಬಿಟ್ಟು ಬರುವ ನಲ್ಲಿ ನೀರನ್ನು ಮೇಲಿನ ಟ್ಯಾಂಕ್ ತುಂಬಿಸಿಕೊಂಡು ಮನೆಗೆ ಒಂದೇ ಸಮ ಕೊಡುವ ಹಾಗೆ, ಕಂಡೆನ್ಸರ್ ಅದನ್ನು ಹಿಡಿದಿಟ್ಟು ಸಮ ಮಾಡಿ ಕೊಡುತ್ತದೆ.

ಅದರ ಒಳಗೆ ಅಲ್ಯೂಮಿನಿಯಂ ಹಾಳೆ, ಅದಕ್ಕೆ ತಾಗಿದ ಒದ್ದೆ ರಾಸಾಯನಿಕ. ಎರಡರ ನಡುವೆ ಕರೆಂಟ್ ಹರಿಯದಂತೆ ತಡೆಯುವುದು ಹಾಳೆಯ ಮೇಲಿನ ಆಕ್ಸೈಡ್ ಪದರ. 450 ವೋಲ್ಟ್ ತಡೆಯುವ ಆ ಪದರದ ದಪ್ಪ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಈ ಪದರ ಗಟ್ಟಿಯಾಗಿರುವುದು ಕಂಡೆನ್ಸರ್‌ಗೆ ಆಗಾಗ ವೋಲ್ಟೇಜ್ ಸಿಗುತ್ತಿದ್ದರೆ ಮಾತ್ರ. ವರ್ಷಗಟ್ಟಲೆ ಸಿಗದಿದ್ದರೆ ಪದರ ಅಲ್ಲಲ್ಲಿ ಕರಗುತ್ತದೆ. ಅಂಥ ಸ್ಥಿತಿಯಲ್ಲಿ ಏಕ್‌ದಂ 450 ವೋಲ್ಟ್ ಬಿದ್ದರೆ ತೆಳ್ಳಗಾದ ಕಡೆ ಕರೆಂಟ್ ಸೋರುತ್ತದೆ, ಸೋರಿದ್ದಕ್ಕೆ ಬಿಸಿ, ಬಿಸಿಗೆ ಇನ್ನೂ ಸೋರಿಕೆ. ಕೊನೆಗೆ ಕಂಡೆನ್ಸರ್ ಸಿಡಿಯುತ್ತದೆ. ಆ ಲೋಡ್ ತಾಳಲಾರದೆ ರೆಕ್ಟಿಫೈಯರ್ ಅಥವಾ ಪವರ್ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಕಂಡೆನ್ಸರ್ ನೂರಾರು ರೂಪಾಯಿ ಮಾತು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸುತ್ತಿಸಬೇಕು, ಅಳತೆ ಗೊತ್ತಿರುವವರನ್ನು ಹುಡುಕಬೇಕು.

ಒಂದು ಸಮಾಧಾನ ಇದೆ. ವೋಲ್ಟೇಜನ್ನು ನಿಧಾನವಾಗಿ, ಕರೆಂಟ್ ಜಾಸ್ತಿ ಹೋಗದಂತೆ ಏರಿಸುತ್ತಾ ಬಂದರೆ ಅದೇ ಸೋರುವ ಕರೆಂಟ್ ಪದರವನ್ನು ಮತ್ತೆ ಬೆಳೆಸುತ್ತದೆ. ರೀಫಾರ್ಮಿಂಗ್ ಅನ್ನುವುದು ಇದಕ್ಕೇ. ಐದಾರು ವರ್ಷ, ಹತ್ತು ವರ್ಷ ಕೂತ ಆಂಪ್‌ಗೆ ಇದು ಸರಿ. ಕಂಡೆನ್ಸರ್‌ಗೇ ಮೂವತ್ತು ವರ್ಷ ಆಗಿದ್ದರೆ, ಉಬ್ಬಿದ್ದರೆ, ಅಂಟು ಸೋರಿದ್ದರೆ ನಾನು ರೀಫಾರ್ಮಿಂಗ್‌ಗೆ ಹೋಗುವುದಿಲ್ಲ, ಹೊಸದು ಹಾಕುವುದೇ ವಾಸಿ. ಒಳಗಿನ ಒದ್ದೆ ಒಣಗಿದ ಮೇಲೆ ಪದರ ಬೆಳೆಸಿ ಏನು ಪ್ರಯೋಜನ? ಹೊಸದು ಕೊಳ್ಳುವಾಗ ಅದೇ ಮೈಕ್ರೋಫ್ಯಾರಡ್, ವೋಲ್ಟೇಜ್ ರೇಟಿಂಗ್ ಮೊದಲಿನಷ್ಟು ಅಥವಾ ಜಾಸ್ತಿ, 105 ಡಿಗ್ರಿ ಬಿಸಿ ತಡೆಯುವುದು ಇರಲಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಪ್ಲಸ್ ಮೈನಸ್ ತಿರುಗಿಸಿ ಬೆಸುಗೆ ಹಾಕಬೇಡಿ.

ವೋಲ್ಟೇಜ್ ನಿಧಾನವಾಗಿ ಏರಿಸುವುದಕ್ಕೆ ಕಾಲೇಜ್ ಲ್ಯಾಬ್‌ಗಳಲ್ಲಿರುವ ಡಿಮ್ಮರ್‌ಸ್ಟ್ಯಾಟ್ ಬಳಸುತ್ತಾರೆ. ಅದೇ ವೇರಿಯಾಕ್. ಡಯೋಡ್ ರೆಕ್ಟಿಫೈಯರ್ ಇರುವ ಆಂಪ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 50-60 ವೋಲ್ಟ್‌ನಿಂದ ಶುರು ಮಾಡಿ ಕೆಲವು ಗಂಟೆಗಳಲ್ಲಿ ಪೂರ್ತಿ ವೋಲ್ಟೇಜ್‌ಗೆ ಬರಬಹುದು. ಆದರೆ ಜಿಜೆಡ್34ನಂಥ ವಾಲ್ವ್ ರೆಕ್ಟಿಫೈಯರ್ ಇದ್ದರೆ ಕಷ್ಟ. ಹೀಟರ್ ಸಾಕಷ್ಟು ಕಾಯುವವರೆಗೆ ಅದು ಡಿಸಿಯನ್ನೇ ಕೊಡುವುದಿಲ್ಲ. ಕಾದ ಮೇಲೆ ಒಮ್ಮೆಲೇ ದೊಡ್ಡ ವೋಲ್ಟೇಜ್ ಕೊಡುತ್ತದೆ, ನಿಧಾನ ಅನ್ನುವ ಉದ್ದೇಶವೇ ಹೋಯಿತು. ಅಂಥ ಆಂಪ್‌ನಲ್ಲಿ ರೆಕ್ಟಿಫೈಯರ್ ಸಾಕೆಟ್‌ಗೆ ತಾತ್ಕಾಲಿಕವಾಗಿ ಡಯೋಡ್ ಹಾಕಿ ರೀಫಾರ್ಮ್ ಮಾಡುತ್ತಾರೆ. ಅದು ತಿಳಿದವರ ಕೆಲಸ.

ಡಿಮ್ಮರ್‌ಸ್ಟ್ಯಾಟ್ ಇರಲಿ ಬಿಡಲಿ, ಸೀರೀಸ್ ಲ್ಯಾಂಪ್ ಮಾತ್ರ ಬೇಕೇ ಬೇಕು. ಟಿವಿ ರಿಪೇರಿಯವರ ಟೇಬಲ್ ಮೇಲೆ ಇರುವ ಅದೇ ಬೋರ್ಡ್: ಆಂಪ್‌ಗೆ ಹೋಗುವ ಫೇಸ್ ವೈರ್‌ನ ಮಧ್ಯೆ ಒಂದು 60 ವ್ಯಾಟ್ ಬಲ್ಬ್. ಹಳೇ ಕಾಲದ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಆಂಪ್ ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ. ಅಂದರೆ ವೋಲ್ಟೇಜೆಲ್ಲ ಬಲ್ಬಿನ ಮೇಲೇ ಬಿತ್ತು, ಆಂಪ್ ಉಳಿಯಿತು.

ಈಗ ಸ್ವಿಚ್ ಹಾಕಬಹುದು. ಅದಕ್ಕೂ ಮೊದಲು ಸ್ಪೀಕರ್ ಕನೆಕ್ಟ್ ಆಗಿದೆಯಾ ನೋಡಿ. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ಸಾವಿರ ವೋಲ್ಟ್ ದಾಟಿದ ಏಟು ಏಳುತ್ತದೆ, ಸಾಕೆಟ್‌ನಲ್ಲಿ ಕಿಡಿ ಹಾರುತ್ತದೆ, ಟ್ರಾನ್ಸ್‌ಫಾರ್ಮರ್ ಒಳಗಿನ ಇನ್ಸುಲೇಷನ್ ಸೀಳುತ್ತದೆ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೆ ಮೀಟರ್‌ನಲ್ಲಿ 6ರಿಂದ 7 ಓಮ್ ಬರುತ್ತದೆ. ಅದು ಸರಿಯಾದ ಅಳತೆಯೇ. ಏನೂ ಬರದಿದ್ದರೆ ಕಾಯಿಲ್ ಕಟ್ಟಾಗಿದೆ.

ಮೊದಲ ಸುತ್ತಿನಲ್ಲಿ ವಾಲ್ವ್ ಒಂದೂ ಬೇಡ. ಬಲ್ಬ್ ಒಂದು ಕ್ಷಣ ಹೊಳೆದು ನಂದಿದಂತೆ ಆಗಬೇಕು. ವಾಲ್ವ್ ಇಲ್ಲದೆಯೂ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್, ಡಯೋಡ್ ಅಥವಾ ಕಂಡೆನ್ಸರ್ ಶಾರ್ಟ್. ಈ ಹಂತದಲ್ಲಿ ಡಯೋಡ್ ಇರುವ ಆಂಪ್‌ನಲ್ಲಿ ಡಿಸಿ ಮಾಮೂಲಿಗಿಂತ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಅದನ್ನು ಬಳಸುವವರೇ ಇಲ್ಲ. ಕಂಡೆನ್ಸರ್ ಮೇಲೆ ಬರೆದ ವೋಲ್ಟೇಜ್ ದಾಟದಂತೆ ಕಣ್ಣಿಡಿ. ಆಮೇಲೆ ರೆಕ್ಟಿಫೈಯರ್ ವಾಲ್ವ್ ಇದ್ದರೆ ಅದು, ನಂತರ ಗಿಟಾರಿನ ಸದ್ದನ್ನು ಮೊದಲ ಹಂತದಲ್ಲಿ ಹೆಚ್ಚಿಸುವ ಸಣ್ಣ ಇಸಿಸಿ83 ವಾಲ್ವ್‌ಗಳು. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಕೊನೆಗೆ.

ಔಟ್‌ಪುಟ್ ವಾಲ್ವ್ ಹಾಕುವ ಮುಂಚೆ ಒಂದು ಅಳತೆ ಇದೆ. ಇದನ್ನು ಬಿಟ್ಟವರೇ ಜಾಸ್ತಿ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಹಿಂದಿನ ವಾಲ್ವ್‌ನಿಂದ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಭಾಗ) ಹಾಡು ದಾಟುವುದು ಒಂದು ಸಣ್ಣ ಕಂಡೆನ್ಸರ್ ಮೂಲಕ. ಅದರ ಒಂದು ಕಡೆ ಸುಮಾರು 220 ವೋಲ್ಟ್. ಇಎಲ್34ನಂಥ ವಾಲ್ವ್ ಆದರೆ ಇನ್ನೊಂದು ಕಡೆ ಮೈನಸ್ 40ರ ಆಸುಪಾಸು. ಹಾಡು ದಾಟಬೇಕು, ಡಿಸಿ ದಾಟಬಾರದು. ಹಳೇ ಪೇಪರ್ ಕಂಡೆನ್ಸರ್ ತೇವ ಕುಡಿದು 10 ಮೆಗಾ ಓಮ್‌ನಷ್ಟು ಸೋರಿತು ಅಂದುಕೊಳ್ಳಿ. ಗ್ರಿಡ್ ರೆಸಿಸ್ಟರ್ 220 ಕಿಲೋ ಓಮ್ ಇದ್ದರೆ ಮೈನಸ್ 40 ಇರಬೇಕಾದ್ದು ಮೈನಸ್ 34ಕ್ಕೆ ಬರುತ್ತದೆ. ಆರೇ ವೋಲ್ಟ್ ವ್ಯತ್ಯಾಸ, ಆದರೆ ಅಷ್ಟಕ್ಕೇ ವಾಲ್ವ್‌ನ ಕರೆಂಟ್ ವಿಪರೀತ ಏರುತ್ತದೆ. ಒಳಗಿನ ಬೂದು ತಗಡು (ಪ್ಲೇಟ್) ಕೆಂಪಗೆ ಕಾಯುತ್ತದೆ. ಮೀಟರ್‌ನ ಓಮ್ ರೇಂಜ್‌ನಲ್ಲಿ ಪರೀಕ್ಷಿಸಿದರೆ ಈ ಸೋರಿಕೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಸಿಗುವುದು ಕೆಲವೇ ವೋಲ್ಟ್. ಅದಕ್ಕೇ ಔಟ್‌ಪುಟ್ ವಾಲ್ವ್ ಇಲ್ಲದೆ ಆಂಪ್ ಓಡಿಸಿ, ಆ ಸಾಕೆಟ್‌ನ ಗ್ರಿಡ್ ಪಿನ್ನಿನಲ್ಲಿ ಡಿಸಿ ಅಳೆಯಿರಿ. ಗ್ರಿಡ್‌ಗೆ ಬೇರೆಯಾಗಿ ಮೈನಸ್ ವೋಲ್ಟೇಜ್ ಕೊಡುವ ಫಿಕ್ಸೆಡ್ ಬಯಾಸ್ ಆಂಪ್‌ನಲ್ಲಿ ಸರ್ಕ್ಯೂಟ್ ಚಿತ್ರದಲ್ಲಿರುವ ಮೈನಸ್ ವೋಲ್ಟೇಜ್ ಬರಬೇಕು. ಕ್ಯಾಥೋಡ್‌ನ ರೆಸಿಸ್ಟರ್‌ನಿಂದಲೇ ಆ ಕೆಲಸ ಆಗುವ ಕ್ಯಾಥೋಡ್ ಬಯಾಸ್ ಆದರೆ ಸೊನ್ನೆ. ಬಯಾಸ್ ಸರ್ಕ್ಯೂಟ್‌ನ ಸಣ್ಣ ಎಲೆಕ್ಟ್ರೋಲೈಟಿಕ್ ಒಣಗಿದ್ದರೂ ಇದೇ ಗತಿ, ಅದನ್ನು ಹೇಗಿದ್ದರೂ ಹೊಸದು ಮಾಡಿಬಿಡಿ. ಕೆಲವೇ ರೂಪಾಯಿಯ ಆ ಕಂಡೆನ್ಸರ್ ಕಾಯುತ್ತಿರುವುದು ಸಾವಿರಾರು ರೂಪಾಯಿಯ ವಾಲ್ವ್ ಜೋಡಿಯನ್ನು.

ಅಳತೆ ಸರಿ ಇದ್ದರೆ ಔಟ್‌ಪುಟ್ ವಾಲ್ವ್ ಹಾಕಿ, ಕೋಣೆಯ ಲೈಟ್ ಆರಿಸಿ ನೋಡಿ. ನಡುವಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಬರುವುದು ಸರಿ. ಗಾಜಿನ ಒಳಮೈಯಲ್ಲಿ ತೆಳು ನೀಲಿ ಬೆಳಕು ಕಂಡರೂ ಹೆದರಬೇಡಿ. ತಗಡು ಕೆಂಪಾದರೆ ಮಾತ್ರ ಕ್ಷಣವೂ ಕಾಯದೆ ಆಫ್ ಮಾಡಿ. ಬಲ್ಬ್ ಈಗ ಮಂದವಾಗಿ ಉರಿಯುತ್ತಿರುತ್ತದೆ, ಅದು ಸಹಜ. ಅರ್ಧ ಗಂಟೆ ಹೀಗೇ ಬಿಟ್ಟು, ಏನೂ ವಾಸನೆ ಬರದಿದ್ದರೆ 100 ವ್ಯಾಟ್ ಬಲ್ಬ್ ಹಾಕಿ, ಆಮೇಲೆ ನೇರ ಲೈನ್‌ಗೆ ಬನ್ನಿ. ನೇರ ಲೈನ್‌ಗೆ ಬಂದ ಕೂಡಲೇ ತಗಡಿನ ಮೇಲೆ ಮತ್ತೊಮ್ಮೆ ಕಣ್ಣಿಡಿ. ಬಲ್ಬ್ ಇದ್ದಾಗ ವೋಲ್ಟೇಜ್ ಕಡಿಮೆ ಇತ್ತು, ಪೂರ್ತಿ ಸಿಕ್ಕ ಮೇಲೆ ಬಣ್ಣ ಬದಲಾಗಬಹುದು.

ಸದ್ದು ಬಂತು, ಜೊತೆಗೆ ಹಮ್ ಕೂಡ ಬಂತು. ಯಾವ ಹಮ್ ಅಂತ ಕಿವಿಯಿಂದಲೇ ಹೇಳಬಹುದು, ಗಿಟಾರ್ ಕೈಯಲ್ಲೇ ಇದೆಯಲ್ಲ. ಮಾಮೂಲಿ ಟ್ಯೂನಿಂಗ್‌ನಲ್ಲಿ ಆರನೇ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು 98 ಹರ್ಟ್ಸ್. ಹಮ್ ಆ ಸ್ವರಕ್ಕೆ ಹತ್ತಿರ ಇದ್ದರೆ ಅದು 100 ಹರ್ಟ್ಸ್, ರೆಕ್ಟಿಫೈಯರ್ ಆದ ಮೇಲಿನ ಹಮ್. ಫಿಲ್ಟರ್ ಕಂಡೆನ್ಸರ್ ಸೋತಿದೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿದರೆ 50 ಹರ್ಟ್ಸ್, ಮೇನ್ಸ್ ನೇರವಾಗಿ ನುಸುಳುತ್ತಿದೆ. ಹೀಟರ್ ವೈರಿಂಗ್, ಅರ್ತ್, ಶೀಲ್ಡ್ ಕಿತ್ತ ಕೇಬಲ್, ಕೆಟ್ಟ ಇಸಿಸಿ83 ಇವುಗಳನ್ನು ನೋಡಿ. ಇನ್ನೊಂದು ಸುಳಿವು: ವಾಲ್ಯೂಮ್ ಇಳಿಸಿದಾಗ ಹಮ್ ಕಡಿಮೆಯಾದರೆ ತೊಂದರೆ ವಾಲ್ಯೂಮ್‌ಗಿಂತ ಮುಂಚಿನ ಭಾಗದಲ್ಲಿದೆ. ಏನೂ ಬದಲಾಗದಿದ್ದರೆ ಅದರ ನಂತರ.

ನಾಬ್ ತಿರುಗಿಸಿದಾಗ ಕರಕರ ಅನ್ನುವುದು ಹೆಚ್ಚಾಗಿ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿದರೆ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದು ಅಂಟಾಗಿ ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಕ್ಲೀನ್ ಮಾಡಿದ ಮೇಲೂ ಕರಕರ ನಿಲ್ಲದಿದ್ದರೆ ಆ ಪಾಟ್ (ನಾಬ್ ಹಿಂದಿನ ರೆಸಿಸ್ಟರ್) ಮೇಲೆ ಡಿಸಿ ಇದೆಯಾ ಅಳೆಯಿರಿ. ಇದ್ದರೆ ಅದರ ಹಿಂದಿನ ಕಂಡೆನ್ಸರ್ ಸೋರುತ್ತಿದೆ. ಸದ್ದು ಆಗಾಗ ಪೂರ್ತಿ ನಿಂತು ಬರುತ್ತಿದ್ದರೆ ಜ್ಯಾಕ್‌ಗಳ ಒಳಗಿನ ಸ್ವಿಚ್ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಎಫೆಕ್ಟ್ಸ್ ಲೂಪ್ (ಹೊರಗಿನ ಎಫೆಕ್ಟ್ ಪೆಟ್ಟಿಗೆ ಸೇರಿಸುವ ಸೆಂಡ್, ರಿಟರ್ನ್ ಜ್ಯಾಕ್) ಇರುವ ಆಂಪ್‌ನಲ್ಲಿ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಸಣ್ಣ ಕೇಬಲ್ ಹಾಕಿ ನೋಡಿ. ಸದ್ದು ಸ್ಥಿರವಾಯಿತೋ, ಕಳ್ಳ ಸಿಕ್ಕ. ಯಾರೂ ನುಡಿಸದೆಯೇ ಚಟಪಟ ಸದ್ದು ಬಂದರೆ ಹಳೇ ಕಾರ್ಬನ್ ರೆಸಿಸ್ಟರ್ ಅನುಮಾನಿಸಿ, ಅದರಲ್ಲೂ ಪ್ಲೇಟ್‌ಗೆ ಸೇರಿದ 100 ಕಿಲೋ ಓಮ್‌ನವು. ಒಣ ಬಿದಿರು ಕಡ್ಡಿಯಿಂದ ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರ್‌ನಲ್ಲಿ ಗಂಟೆಯಂಥ ಸದ್ದು ಬಂದರೆ ಆ ವಾಲ್ವ್ ಮೈಕ್ರೋಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೇ ಸದ್ದಾಗಿಸುತ್ತಿದೆ. ಬದಲಿಸಬೇಕಾದರೆ ರಷ್ಯಾ, ಸ್ಲೊವಾಕಿಯಾ, ಚೀನಾದಲ್ಲಿ ತಯಾರಾದ ಹೊಸ ವಾಲ್ವ್‌ಗಳು ಈಗಲೂ ಸಿಗುತ್ತವೆ. ಔಟ್‌ಪುಟ್ ವಾಲ್ವ್ ಜೋಡಿ ಮಾತ್ರ ಮ್ಯಾಚ್ ಆಗಿರುವುದನ್ನೇ ಕೊಳ್ಳಿ. ಫಿಕ್ಸೆಡ್ ಬಯಾಸ್ ಆಂಪ್ ಆದರೆ ಹಾಕಿದ ಮೇಲೆ ಬಯಾಸ್ ಸರಿ ಮಾಡಿಸಿ.

ಇಷ್ಟಾದ ಮೇಲೆ ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಆಂಪ್ ಆನ್ ಮಾಡಿ ನುಡಿಸಿ, ಕಂಡೆನ್ಸರ್‌ನ ಪದರಕ್ಕೆ ಅಷ್ಟು ಸಾಕು. ಮಳೆಗಾಲದಲ್ಲಿ ನೆಲದ ಮೇಲೆ ಇಡದೆ ಒಂದು ಸ್ಟೂಲಿನ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಇಡಿ. ಮೇಲೆ ಹೊದಿಸುವುದು ಹತ್ತಿ ಬಟ್ಟೆ ಇರಲಿ, ಪ್ಲಾಸ್ಟಿಕ್ ಹಾಕಿದರೆ ತೇವ ಒಳಗೇ ಉಳಿಯುತ್ತದೆ.